ಮೂರು ವರ್ಷದ ಭಾನುವಾರಗಳು

ಚದುರಂಗದ ಹಲಗೆಯ ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಇಮ್ಮಡಿಸುತ್ತ ಹೋಗಿ ರಾಜನ ಕಣಜವನ್ನೇ ಬರಿದುಮಾಡಿದ ಜಾಣನ ಕಥೆಯನ್ನು ಕೇಳದವರು ವಿರಳ. ಆ ಹಲಗೆಗೆ ಇನ್ನು ಮೂರು ಮನೆಗಳನ್ನು ಸೇರಿಸಿ, ಅರುವತ್ತೇಳು ಮನೆಗಳ ಕಾಳುಗಳನ್ನೂ ಕೂಡಿದರೆ ಬರುವ ಮೊತ್ತ 147573952589676412927. ಇಪ್ಪತ್ತೊಂದು ಅಂಕಿಗಳ ಈ ಸಂಖ್ಯೆಯ ಗುಟ್ಟು ಬಯಲಾಗಲು ಎರಡೂವರೆ ಶತಮಾನಗಳಿಗೂ ಮಿಕ್ಕ ಕಾಲ ಹಿಡಿಯಿತು.

ಇದು ಅವಿಭಾಜ್ಯ, ಅಂದರೆ ಒಂದನ್ನೂ ತನ್ನನ್ನೂ ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ ಎಂದು 1644ರಲ್ಲಿ ಬರೆದವರು ಪ್ಯಾರಿಸಿನ ಸಂನ್ಯಾಸಿ ಮರ್ಸೆನ್. ಸಾಧನೆಯನ್ನು ಅವರು ಕೊಡಲಿಲ್ಲ. ಹಿರಿಯರ ಮಾತೆಂಬ ಬಲದಿಂದಲೇ ಅದು ನಿಂತಿತು. 1876ರಲ್ಲಿ ಫ್ರಾನ್ಸಿನವರೇ ಆದ ಲ್ಯೂಕಾ ಒಂದು ಹೊಸ ಪರೀಕ್ಷೆಯನ್ನು ಹೂಡಿ, ಸಂಖ್ಯೆ ಅವಿಭಾಜ್ಯವಲ್ಲವೆಂದು ತೋರಿಸಿಕೊಟ್ಟರು. ವಿಚಿತ್ರವೆಂದರೆ, ಅದನ್ನು ಭಾಗಿಸುವ ಸಂಖ್ಯೆ ಯಾವುದೆಂಬುದನ್ನು ಆ ಪರೀಕ್ಷೆ ಹೇಳುವುದೇ ಇಲ್ಲ. ಬಾಗಿಲು ಹಾಕಿದ ಮನೆಯೊಳಗೆ ಒಬ್ಬರಿಗಿಂತ ಹೆಚ್ಚು ಮಂದಿ ಇದ್ದಾರೆಂಬುದು ಖಚಿತ. ಅವರು ಯಾರೆಂಬುದು ಮಾತ್ರ ತಿಳಿಯದು!

ಹುಡುಕುವವರಿಗೆ ಒಂದು ಹಳೆಯ ಸೂತ್ರದ ಆಸರೆಯಿತ್ತು. ಈ ಸಂಖ್ಯೆಯನ್ನು ಭಾಗಿಸುವುದು ಯಾವುದೇ ಆಗಲಿ, ಅದು 134ರ ಯಾವುದೋ ಗುಣಕಕ್ಕೆ ಒಂದನ್ನು ಕೂಡಿಸಿದ್ದಾಗಿರಬೇಕು: 135, 269, 403, ಹೀಗೆ. ಆದರೆ ಬೇಕಾದದ್ದು ಈ ಸಾಲಿನಲ್ಲಿ 1445580ನೆಯದು. ಒಂದನ್ನೂ ಬಿಡದೆ ದಿನಕ್ಕೆ ನೂರು ಭಾಗಾಕಾರಗಳಂತೆ ನಡೆದರೆ ಅಲ್ಲಿಗೆ ತಲುಪಲು ಸುಮಾರು ನಲವತ್ತು ವರ್ಷ.

ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್ ಈ ರಾಜಮಾರ್ಗವನ್ನು ಬಿಟ್ಟು, ಶಂಕಿತರನ್ನು ಗುಂಪುಗುಂಪಾಗಿ ಜರಡಿ ಹಿಡಿದು ಕಳೆಯುವ ಉಪಾಯವನ್ನು ಹಿಡಿದರು. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಗಣಿತ ಸಂಘದ ಸಭೆ. ಕೋಲ್ ಮಾತಿಲ್ಲದೆ ಕರಿಹಲಗೆಯ ಬಳಿಗೆ ನಡೆದು, ಎರಡನ್ನು ಇಮ್ಮಡಿಸುತ್ತ ಹೋಗಿ, ಕೊನೆಗೆ ಒಂದನ್ನು ಕಳೆದು ಮೇಲಿನ ಸಂಖ್ಯೆಯನ್ನು ಬರೆದರಂತೆ. ಪಕ್ಕದಲ್ಲಿ 193707721 ಮತ್ತು 761838257287 ಎಂಬೆರಡನ್ನು ಬರೆದು ಗುಣಿಸಿದರು. ಎರಡು ಉತ್ತರಗಳೂ ಒಂದೇ. ತುಟಿ ಬಿಚ್ಚದೆ ಹೋಗಿ ಕುಳಿತರು. ಸಭೆ ಚಪ್ಪಾಳೆ ತಟ್ಟಿತು. ಹೀಗೆಂದು ಬಹುಕಾಲದ ಮೇಲೆ ಬರೆದವರು ಗಣಿತಜ್ಞ ಬೆಲ್. ಅವರ ಲೇಖನಿ ರಂಜನೆಗೆ ತುಸು ಒಲಿದದ್ದೇ. ಗುಣಾಕಾರ ಮಾತ್ರ ಕಟ್ಟುಕಥೆಯಲ್ಲ. ಶಾಲೆಯ ಹುಡುಗನೂ ಅರ್ಧ ಗಂಟೆಯಲ್ಲಿ ಮಾಡಿ ನೋಡಬಹುದು.

ಈ ಎರಡು ಸಂಖ್ಯೆಗಳನ್ನು ಕಂಡುಹಿಡಿಯಲು ಎಷ್ಟು ಕಾಲ ಬೇಕಾಯಿತೆಂದು ಬೆಲ್ ಕೇಳಿದಾಗ, ಮೂರು ವರ್ಷದ ಭಾನುವಾರಗಳೆಂದು ಕೋಲ್ ಉತ್ತರಿಸಿದರಂತೆ.

ಗುಣಿಸುವುದು ಸುಲಭ, ಬಿಡಿಸುವುದು ದುಸ್ಸಾಧ್ಯ ಎಂಬ ಈ ಅಂತರವನ್ನೇ ನೆಚ್ಚಿ 1977ರಲ್ಲಿ ಒಂದು ಗೂಢಲಿಪಿಯ ಕ್ರಮ ಹುಟ್ಟಿತು. ಕಂಪ್ಯೂಟರುಗಳು ಗುಟ್ಟನ್ನು ಕಾಯಲು ಈಗಲೂ ಅದನ್ನು ಬಳಸುತ್ತವೆ. ಕೋಲ್ ಅವರ ಸಂಖ್ಯೆಯನ್ನು ಕ್ಷಣಮಾತ್ರದಲ್ಲಿ ಒಡೆಯುವ ಯಂತ್ರಗಳಿರುವುದರಿಂದ, ಅಲ್ಲಿ ಆರಿಸುವ ಸಂಖ್ಯೆಗಳು ಆರುನೂರು ಅಂಕಿಗಳನ್ನೂ ಮೀರುತ್ತವೆ.