ಸತ್ತ ಮೇಲಿನ ಚಪ್ಪಾಳೆ

2018ರ ಜುಲೈಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ, ‘ಸ್ಟಿಲ್ ಪಾಯಿಂಟ್’ ಎಂಬ ಕೃತಿಯನ್ನು ನುಡಿಸಿದರು. ರಚಿಸಿದವರು ಡ್ಯಾಫ್ನಿ ಓರಮ್. 1949ರಲ್ಲಿ ಈ ಕೃತಿಯನ್ನು ಬೇಡವೆಂದು ತಳ್ಳಿದ್ದೂ ಇದೇ ಬಿಬಿಸಿ! ನಡುವೆ 69 ವರ್ಷಗಳು ಕಳೆದಿದ್ದವು. ಓರಮ್ ತೀರಿಕೊಂಡೇ 15 ವರ್ಷಗಳಾಗಿದ್ದವು.

“ತಡವಾದರೇನು, ಗೌರವ ಸಂದಿತಲ್ಲ!” ಎನ್ನುವವರಿದ್ದಾರೆ. ಈ ಸಮಾಧಾನವನ್ನು ನಾವು ಒಪ್ಪಲಾರೆವು.

ಆಕೆ ಮಾಡಿದ್ದೇನು ನೋಡಿ. 1943ರಲ್ಲಿ ಬಿಬಿಸಿಗೆ ಸೇರಿದ ಈ ಹೆಣ್ಣುಮಗಳು, ವಾದ್ಯವೃಂದದ ಜೊತೆಗೆ ಧ್ವನಿಮುದ್ರಿಕೆಗಳನ್ನೂ ವಾದ್ಯದಂತೆ ಬಳಸುವ ಕೃತಿಯನ್ನು ಇಪ್ಪತ್ತರ ಹರೆಯದಲ್ಲೇ ಬರೆದರು. ಹೊಸ ನಾದಗಳಿಗೊಂದು ವಿಭಾಗ ಬೇಕೆಂದು ಮೇಲಿನವರ ಬೆನ್ನು ಹತ್ತಿದರು. 1958ರಲ್ಲಿ ರೇಡಿಯೋಫೋನಿಕ್ ವರ್ಕ್‌ಶಾಪ್ ಹುಟ್ಟಿತು. ಆದರೆ ಅಲ್ಲಿ ಬೇಕಾದದ್ದು ನಾಟಕಗಳಿಗೆ ಸದ್ದು, ಸಂಗೀತವಲ್ಲ. ಮರುವರ್ಷವೇ ಕೆಲಸ ಬಿಟ್ಟು, ಕೆಂಟ್ ಪ್ರಾಂತದ ಹಳ್ಳಿಮನೆಯಲ್ಲಿ ತಮ್ಮದೇ ಯಂತ್ರ ಕಟ್ಟಲು ಕುಳಿತರು.

ಆ ಯಂತ್ರವೇ ‘ಓರಾಮಿಕ್ಸ್’. 35 ಮಿಲಿಮೀಟರಿನ ಹತ್ತು ಫಿಲ್ಮ್ ಪಟ್ಟಿಗಳ ಮೇಲೆ ಕೈಯಿಂದ ಗೆರೆ, ಗುರುತು ಹಾಕಬೇಕು. ಪಟ್ಟಿ ಓಡಿದಂತೆ ಗೆರೆ ಬೆಳಕನ್ನು ತಡೆಯುತ್ತದೆ. ಬೆಳಕಿನ ಏರಿಳಿತವನ್ನು ದ್ಯುತಿಕೋಶಗಳು ಗ್ರಹಿಸಿ ವಿದ್ಯುತ್ತಾಗಿಸುತ್ತವೆ. ಅದರಿಂದ ಸ್ವರದ ಏರಿಳಿತ, ಜೋರು ನಿರ್ಧಾರವಾಗುತ್ತವೆ. ಗೆರೆ ಎಳೆದರೆ ನಾದ! 1962ರಲ್ಲೂ 1965ರಲ್ಲೂ ಗುಲ್ಬೆಂಕಿಯನ್ ಪ್ರತಿಷ್ಠಾನದ ಧನಸಹಾಯ ಬಂದಿತು, ನಿಜ. ಆದರೂ ಹೊಟ್ಟೆಪಾಡಿಗೆ ಜಾಹೀರಾತುಗಳಿಗೆ ಸದ್ದು ಮಾಡಿಕೊಡುವುದು ತಪ್ಪಲಿಲ್ಲ. 2003ರಲ್ಲಿ ಆಕೆ ಹೋದರು. ಲಂಡನ್ನಿನ ಸೈನ್ಸ್ ಮ್ಯೂಸಿಯಂ ಆ ಯಂತ್ರವನ್ನು ಪ್ರದರ್ಶನಕ್ಕಿಟ್ಟದ್ದು 2011ರಲ್ಲಿ.

ಗಾಜಿನ ಪೆಟ್ಟಿಗೆಯಲ್ಲಿಟ್ಟ ಯಂತ್ರ ನುಡಿಯುವುದಿಲ್ಲ. ಬದುಕಿದ್ದಾಗ ಒಂದು ವಾದ್ಯವೃಂದ ಕೊಟ್ಟಿದ್ದರೆ ಆಕೆ ಮುಂದೆ ಇನ್ನೇನು ಬರೆಯುತ್ತಿದ್ದರೋ? ತಡವಾದ ಗೌರವದಿಂದ ಈ ನಷ್ಟ ತುಂಬುತ್ತದೆಯೆ?

ದೂರದ ಬ್ರಿಟನ್ನಿನ ಕಥೆ ನಮಗೇಕೆ ಎನ್ನಬೇಡಿ. ತಂಬೂರಿಗೆ ಜಾಗವಿಲ್ಲದ ನಮ್ಮ ಫ್ಲ್ಯಾಟುಗಳಲ್ಲಿ ಮಕ್ಕಳು ವಿದ್ಯುತ್ ಶ್ರುತಿಪೆಟ್ಟಿಗೆಯ ಮುಂದೆ ಕುಳಿತು ಸರಳೆ ಹಾಡುತ್ತಾರೆ. “ಯಂತ್ರದ್ದು ಸಂಗೀತವೆ?” ಎಂದು ಮೂಗು ಮುರಿಯುವ ಹಕ್ಕು ನಮಗೆಲ್ಲಿದೆ? ನಮ್ಮ ಸಂಘಗಳಲ್ಲೂ ಮಕ್ಕಳ ನಾಟಕಕ್ಕೆ ರಾಗ ಹಾಕಿ, ಕೆಟ್ಟ ಹಾರ್ಮೋನಿಯಂ ಬಿಚ್ಚಿ ಸರಿಮಾಡಿ, ಪರದೆಯ ಹಿಂದೆಯೇ ಉಳಿಯುವವರಿದ್ದಾರೆ. ಆಮಂತ್ರಣ ಪತ್ರಿಕೆಯಲ್ಲಿ ಅತಿಥಿಗಳ ಹೆಸರು ದಪ್ಪಕ್ಷರದಲ್ಲಿ. ಇವರ ಹೆಸರು ಹುಡುಕಿದರೂ ಸಿಗದು.

ಸಂತಾಪ ಸಭೆಯಲ್ಲಿ ಹೊಗಳಲು ನಾವೆಲ್ಲ ನಿಪುಣರು. ಬರುವ ರಾಜ್ಯೋತ್ಸವದಲ್ಲಿ ಅಂಥವರೊಬ್ಬರನ್ನು ವೇದಿಕೆಗೆ ಕರೆಯೋಣ. ಶಾಲಿನ ಜೊತೆಗೆ, ಅವರು ಕೇಳಿದ ಸಲಕರಣೆಯನ್ನೂ ಕೊಡಿಸೋಣ. ಭಾವಚಿತ್ರಕ್ಕೆ ಹಾರ ಆಮೇಲೂ ಹಾಕಬಹುದು.