ನೂರು ಮೀಟರ್ ಟೇಪು ಹಿಡಿದು...

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕೆಲಸದ ಗಡಿಬಿಡಿ ಅನ್ನೋದು ನೆಪ, ಸೋಮಾರಿತನ ನಿಜವಾದ ಕಾರಣ. ಇವತ್ತು ಮಾತ್ರ ಸಿಟ್ಟು ತಡೆಯಲಾಗದೆ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಇದು ಪಾನನಿರೋಧದ ಭಾಷಣ ಅಲ್ಲ. ವರ್ಷಕ್ಕೆ ನಾಲ್ಕೈದು ಸಲ ಗೆಳೆಯರ ಜೊತೆ ಕೂತು ಬಿಯರ್ ಕುಡಿಯುವವನು ನಾನು. ಹಾಗಾಗಿ "ಬಂದ ನೋಡಪ್ಪ ಮಡಿವಂತ" ಅಂತ ಬೈಯಲು ಹೊರಟವರು ಸ್ವಲ್ಪ ತಡೆಯಿರಿ.

ವಿಷಯ ಇಷ್ಟೇ. ಬೆಂಗಳೂರಿನ ನಮ್ಮ ಬಡಾವಣೆಯ ಮೂಲೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇತ್ತು. ಅದು ಮುಚ್ಚಿತು. ಎರಡು ತಿಂಗಳು ಒಳಗೆ ಗ್ರಾನೈಟ್ ಕೊಯ್ಯುವ ಸದ್ದು. ಬೇಕರಿ ಬರ್ತಿದೆ ಅಂದುಕೊಂಡೆವು. ಒಂದು ಬೆಳಿಗ್ಗೆ ನೋಡಿದರೆ ಬೋರ್ಡು, "ವೈನ್ಸ್"! ಬೇರೆ ಯಾವುದೋ ಏರಿಯಾದಲ್ಲಿದ್ದ ಸನ್ನದು ನಮ್ಮ ಬೀದಿಗೆ ವರ್ಗವಾಗಿ ಬಂದಿತ್ತು. ಬೀದಿಯವರನ್ನು ಯಾರೂ ಕೇಳಲಿಲ್ಲ. ಕೇಳಬೇಕು ಅಂತ ಯಾರಿಗೂ ಅನ್ನಿಸಲೂ ಇಲ್ಲ.

ಅದೇ ರಸ್ತೆಯಲ್ಲಿ ಒಂದು ಪುಟ್ಟ ಶಾಲೆ ಇದೆ. 1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮ ಏನು ಹೇಳುತ್ತದೆ? ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ ನೂರು ಮೀಟರ್ ಒಳಗೆ ಮದ್ಯದಂಗಡಿ ಇರಬಾರದು. ಸರಿ, ನಾನೂ ಪಕ್ಕದ ಮನೆಯ ರಾಯರೂ ಭಾನುವಾರ ಬೆಳಿಗ್ಗೆ ಟೇಪು ಹಿಡಿದು ಹೊರಟೆವು. ಅಂಗಡಿಯ ಮುಂಭಾಗದಿಂದ ಶಾಲೆಯ ಗೇಟಿಗೆ 86 ಮೀಟರ್. ಗೆದ್ದೆವು ಅಂದುಕೊಂಡು ಸೋಮವಾರ ಅರ್ಜಿ ಹಿಡಿದು ಕಚೇರಿಗೆ ಹೋದೆ.

ಅಲ್ಲಿದ್ದವರು ನಕ್ಕರು. "ಹಂಗೆ ಅಳೆಯೋದಲ್ಲ ಸಾರ್. ಅಂಗಡಿ ಬಾಗಿಲಿನ ಮಧ್ಯದಿಂದ ಶಾಲೆ ಗೇಟಿನ ಮಧ್ಯಕ್ಕೆ, ಜನ ನಡೆದುಕೊಂಡು ಹೋಗೋ ದಾರೀಲಿ ಅಳೀಬೇಕು."

ಬಾಗಿಲು ಎಲ್ಲಿದೆ? ಆಗ ಹೊಳೆಯಿತು ನೋಡಿ. ಮುಖ್ಯರಸ್ತೆಯ ಕಡೆ ಬರೀ ಗಾಜು, ಅದರ ಹಿಂದೆ ಬಾಟಲಿಗಳು. ಬಾಗಿಲು ಪಕ್ಕದ ಓಣಿಯೊಳಗೆ, ಕಟ್ಟಡದ ಹಿಂಬದಿಯ ತುದಿಯಲ್ಲಿ. ಅಲ್ಲಿಂದ ಅಳೆದರೆ 104 ಮೀಟರ್! "ನಾಲ್ಕು ಮೀಟರ್ ಜಾಸ್ತೀನೇ ಇದೆಯಲ್ಲ" ಅಂದರು.

ನಿಮಗೆ ನೆನಪಿರಬಹುದು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿದಾಗ, ಕೇರಳದ ಉತ್ತರ ಪರವೂರಿನ ಬಾರಿನವರು ಅಂಗಳದಲ್ಲಿ ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುವ ದಾರಿ ಕಟ್ಟಿ ದೂರವನ್ನು ಉದ್ದ ಮಾಡಿಕೊಂಡಿದ್ದರು. ಪೇಪರಿನಲ್ಲಿ ಫೋಟೋ ನೋಡಿ ನಾವೆಲ್ಲ ನಕ್ಕಿದ್ದೆವು. 2017ರ ಜುಲೈನಲ್ಲಿ ನಮ್ಮ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಬಾರುಗಳೂ ಬಾಗಿಲು ಹಾಕಿದವು. ಸರ್ಕಾರಗಳು ಮಾಡಿದ್ದೇನು? ಬಾರನ್ನು ಸರಿಸುವ ಬದಲು, ಇವು ಹೆದ್ದಾರಿಗಳೇ ಅಲ್ಲ ಅಂತ ರಸ್ತೆಗಳ ಹೆಸರು ಬದಲಿಸಲು ಓಡಾಡಿದವು. ಅದೇ ತಿಂಗಳು, ಪಟ್ಟಣ ಮಿತಿಯೊಳಗಿನ ಸನ್ನದುಗಳಿಗೆ ಆ ಆದೇಶ ಅಡ್ಡಿಯಿಲ್ಲ ಅಂತ ಕೋರ್ಟೇ ಸ್ಪಷ್ಟ ಮಾಡಿತು. ಇವತ್ತು ನಮ್ಮ ಓಣಿಯ ಬಾಗಿಲು ನೋಡಿದರೆ ನಗು ಬರುತ್ತಿಲ್ಲ.

ಯಾಕೆಂದರೆ ಆ ಓಣಿ ಖಾಲಿ ಜಾಗ ಅಲ್ಲ. ಬಸ್ ಸ್ಟಾಪಿನಿಂದ ಹಿಂದಿನ ಬೀದಿಗಳಿಗೆ ಹೋಗುವ ಹತ್ತಿರದ ದಾರಿ ಅದು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಸಂಜೆ ಬರುವ ಹೆಣ್ಣುಮಕ್ಕಳೆಲ್ಲ ಅಲ್ಲೇ ನಡೆದು ಹೋಗುತ್ತಿದ್ದರು. ಈ ಅಂಗಡಿಯದು ಸಿಎಲ್-2 ಸನ್ನದು. ಅಂದರೆ ಸೀಲ್ ಮಾಡಿದ ಬಾಟಲಿ ಮಾರಬಹುದು, ಅಲ್ಲೇ ಕುಡಿಸುವ ಹಾಗಿಲ್ಲ. ಆದರೆ ಬಾಗಿಲ ಪಕ್ಕ ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ಟು, ಉಪ್ಪಿನಕಾಯಿ. ಸಂಜೆ ಏಳಕ್ಕೆ ಓಣಿ ತುಂಬ ನಿಂತೇ ಕುಡಿಯುವವರು. ಈಗ ಆ ಹೆಣ್ಣುಮಕ್ಕಳು ಮುಖ್ಯರಸ್ತೆ ಸುತ್ತಿ ಹೋಗುತ್ತಾರೆ. ಮೊನ್ನೆ ಆ ಸುತ್ತನ್ನೂ ಟೇಪಿನಲ್ಲಿ ಅಳೆದೆ. 430 ಮೀಟರ್ ಹೆಚ್ಚು. ಹತ್ತು ಗಂಟೆ ದುಡಿದು ಬಂದವರು ದಿನಾ ನಡೆಯುವ ಈ 430 ಮೀಟರ್ ಯಾವ ನಿಯಮದ ಯಾವ ಕಲಮಿನಲ್ಲೂ ಇಲ್ಲ.

ನನ್ನ ತಕರಾರು ಇದೇ. ನಮ್ಮ ಅಬಕಾರಿ ವ್ಯವಸ್ಥೆ ಮೀಟರ್ ಎಣಿಸುತ್ತದೆ, ರೂಪಾಯಿ ಎಣಿಸುತ್ತದೆ. ಮನುಷ್ಯರನ್ನು ಎಣಿಸುವುದಿಲ್ಲ.

ರೂಪಾಯಿಯ ಕಥೆ ಕೇಳಿ. 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರದ್ದೇ ಪಾನೀಯ ನಿಗಮದ ಕೈಯಲ್ಲಿದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಹೆಚ್ಚು ಮಾರಿಸಬೇಕಾದವರೂ ಅವರೇ, ಮಿತಿಯಲ್ಲಿ ಇಡಬೇಕಾದವರೂ ಅವರೇ. ಬೆಕ್ಕಿಗೇ ಹಾಲಿನ ಕಾವಲು ಕೊಟ್ಟ ಹಾಗೆ.

"ಸರ್ಕಾರ ಹೊಸ ಸನ್ನದು ಕೊಡೋದನ್ನೇ ನಿಲ್ಲಿಸಿತ್ತಲ್ಲ?" ಅಂತ ಕೇಳುವವರಿದ್ದಾರೆ. ಹೌದು, 1992ರ ನಂತರ ದಶಕಗಟ್ಟಲೆ ಹೊಸ ವೈನ್ ಸ್ಟೋರು, ಹೊಸ ಬಾರುಗಳಿಗೆ ಸನ್ನದು ಕೊಡಲಿಲ್ಲ. ಅದರಿಂದ ಕುಡಿತ ಕಡಿಮೆ ಆಯಿತೇ? ಇಲ್ಲ, ಹಳೇ ಸನ್ನದಿಗೆ ಬಂಗಾರದ ಬೆಲೆ ಬಂತು. ಮಾರಾಟವಿಲ್ಲದ ಏರಿಯಾದಿಂದ ಮಾರಾಟ ಇರುವ ಏರಿಯಾಕ್ಕೆ ಅದು ವಲಸೆ ಹೊರಟಿತು. ಇನ್ನೊಂದು ಉಪಾಯ ಸಿಎಲ್-7. ಅದು ವಸತಿಗೃಹಗಳಿಗೆ ಕೊಡುವ ಸನ್ನದು. ಮೇಲೆ ಯಾರೂ ಮಲಗದ ನಾಲ್ಕು ಸಾಲು ಕೋಣೆ, ಕೆಳಗೆ ಜಗಜಗಿಸುವ ಬಾರು. ನಿಮ್ಮ ಏರಿಯಾದಲ್ಲೂ ಇಂಥದ್ದೊಂದು "ಲಾಡ್ಜ್" ಇರಬೇಕು, ನೋಡಿ. ಈಗ 2025ರ ಬಜೆಟ್ಟಿನಲ್ಲಿ ಸನ್ನದುಗಳನ್ನು ಎಲೆಕ್ಟ್ರಾನಿಕ್ ಹರಾಜು ಹಾಕುವ ಮಾತು ಬಂತು. ಪಾರದರ್ಶಕ ಅಂತೆ. ಯಾರು ಹೆಚ್ಚು ಕೊಟ್ಟರು ಅನ್ನೋದು ಪಾರದರ್ಶಕ, ಒಪ್ಪುತ್ತೇನೆ. ಯಾರ ಓಣಿಗೆ ಬರುತ್ತದೆ ಅನ್ನೋದನ್ನು ಓಣಿಯವರಿಗೆ ಹೇಳುವುದು ಯಾವಾಗ?

ಒಳಗೆ ದುಡಿಯುವವರ ಪಾಡೂ ಅಷ್ಟೇ. 2018ರ ಜನವರಿ 8ರ ನಸುಕಿನಲ್ಲಿ ಕಲಾಸಿಪಾಳ್ಯದ ಬಾರೊಂದಕ್ಕೆ ಬೆಂಕಿ ಬಿತ್ತು. ಒಳಗೇ ಮಲಗಿದ್ದ ಐದು ಜನ ಕೆಲಸಗಾರರು ಹೊರಗೆ ಬರಲಾಗದೆ ಸತ್ತರು. ಬಾಗಿಲಿನಿಂದ ಶಾಲೆಗೆ ಎಷ್ಟು ದೂರ ಅಂತ ಅಳೆಯುವವರು, ಮಲಗಿದವನಿಗೆ ಬಾಗಿಲು ಎಷ್ಟು ದೂರ ಅಂತಲೂ ಅಳೆಯಬೇಕಲ್ಲವೇ?

ಬೇರೆ ಕಡೆ ಹೇಗೆ? ಇಂಗ್ಲೆಂಡಿನಲ್ಲಿ, ಹೆಜ್ಜೆಗೊಂದು ಪಬ್ಬು ಇರುವ ದೇಶದಲ್ಲಿ, 2003ರ ಕಾಯಿದೆ ಪ್ರಕಾರ ಲೈಸೆನ್ಸ್ ಕೊಡುವುದು ಸ್ಥಳೀಯ ಕೌನ್ಸಿಲ್. ಅರ್ಜಿ ಹಾಕಿದವನು ಕಟ್ಟಡದ ಮುಂದೆ ತಿಳಿನೀಲಿ ಕಾಗದದ ನೋಟಿಸು ಅಂಟಿಸಿ 28 ದಿನ ಇಡಬೇಕು. ಅಷ್ಟರೊಳಗೆ ಅಕ್ಕಪಕ್ಕದವರು ಆಕ್ಷೇಪಣೆ ಹಾಕಬಹುದು, ಅದರ ಮೇಲೆ ವಿಚಾರಣೆ ನಡೆಯುತ್ತದೆ. ಪಬ್ಬುಗಳೇನೂ ಅದರಿಂದ ಸತ್ತುಹೋಗಿಲ್ಲ.

ನಮಗೂ ಬೇಕಿರುವುದು ಅಷ್ಟೇ. ಬೆಂಗಳೂರಿಗೆ 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಗಳಾಗಿವೆ. ಸನ್ನದು ಹೊಸದಾಗಿ ಬರಲಿ, ವರ್ಗವಾಗಿ ಬರಲಿ, ಮೊದಲು ಆ ಬೀದಿಯಲ್ಲಿ ಕನ್ನಡದಲ್ಲಿ ನೋಟಿಸು ಹಾಕಲಿ. ಒಂದು ತಿಂಗಳು ಕಾಯಲಿ. ವಾರ್ಡಿನವರ ಮಾತನ್ನು ಕಡತಕ್ಕೆ ಸೇರಿಸಲಿ. ನಿಂತು ಕುಡಿಸಿದರೆ ಸಿಎಲ್-2 ನವೀಕರಣ ಮಾಡದಿರಲಿ. ಇದಕ್ಕೆ ಯಾರ ಬಿಯರೂ ಕಡಿಮೆಯಾಗಬೇಕಿಲ್ಲ, ನನ್ನದೂ ಸೇರಿ!

ರಾಯರು ಒಂದು ಪರಿಹಾರ ಹೇಳಿದ್ದಾರೆ. ಶಾಲೆಯ ಗೇಟನ್ನೇ ಹತ್ತು ಮೀಟರ್ ಈಚೆಗೆ ಸರಿಸಿದರೆ ಅಳತೆ 94ಕ್ಕೆ ಇಳಿಯುತ್ತದಂತೆ. ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ಗೊತ್ತಾಗಲಿಲ್ಲ. ಹೆಡ್ ಮೇಡಂ ಮಾತ್ರ ಗಾರೆ ಕೆಲಸದವರ ನಂಬರ್ ಕೇಳಿದ್ದಾರೆ.

ನಾನು ಎರಡನೇ ಅರ್ಜಿ ಬರೆಯುತ್ತಿದ್ದೇನೆ. ಈ ಸಲ ಅದರಲ್ಲಿ 430 ಮೀಟರಿನ ಲೆಕ್ಕವೂ ಇರುತ್ತದೆ. ನಿಮ್ಮ ಓಣಿಯಲ್ಲಿ ಬಾಗಿಲು ಯಾವ ಕಡೆ ಇದೆ? ಒಂದು ಸಲ ಅಳೆದು ನೋಡಿ, ನೀವೂ ಬರೆಯಿರಿ.