ಘಟ್ಟದ ರಾಣಿಯರು, ಹರೆಯದ ಓದುಗರು

ರಾಜಕುಮಾರಿ, ಮಾಯ, ಪ್ರೇಮ, ಹಿರಿಯರು ಗೊತ್ತುಮಾಡಿದ ಮದುವೆಯನ್ನು ಒಲ್ಲೆನೆನ್ನುವ ಹುಡುಗಿ: ಹದಿಹರೆಯದವರು ಇಂಗ್ಲಿಷಿನಲ್ಲಿ ಆಸೆಯಿಂದ ಓದುವ ಮಧ್ಯಯುಗದ ರಮ್ಯಕಥೆಗಳ ಸರಕು ಇದು. ಕನ್ನಡಕ್ಕೆ ಇದು ಹೊಸತಲ್ಲ. ಹೊಯ್ಸಳ ವೀರಬಲ್ಲಾಳನ ಕಾಲದ ನೇಮಿಚಂದ್ರನ 'ಲೀಲಾವತಿ ಪ್ರಬಂಧ'ದಲ್ಲಿ ಜಯಂತೀಪುರದ, ಅಂದರೆ ಬನವಾಸಿಯ, ರಾಜಕುಮಾರ ಕಂದರ್ಪ ಕನಸಿನಲ್ಲಿ ಕಂಡ ಚೆಲುವೆಯನ್ನು ಹುಡುಕುತ್ತ ಗೆಳೆಯ ಮಕರಂದನೊಡನೆ ಹೊರಡುತ್ತಾನೆ. ಈ ಕಾವ್ಯಕ್ಕೆ ಮಾದರಿಯಾದ ಸುಬಂಧುವಿನ ಸಂಸ್ಕೃತ 'ವಾಸವದತ್ತೆ'ಯ ನಾಯಕಿಯಂತೂ ಗಟ್ಟಿಗಿತ್ತಿ. ಸ್ವಯಂವರಕ್ಕೆ ಬಂದ ಅರಸರಲ್ಲಿ ಒಬ್ಬನನ್ನೂ ಒಪ್ಪುವುದಿಲ್ಲ. ಕನಸಿನಲ್ಲಿ ಕಂಡವನ ಬಳಿಗೆ ಸಾಕಿದ ಗೊರವಂಕವನ್ನೇ ಕಳಿಸುತ್ತಾಳೆ. ತಂದೆ ಬೇರೊಬ್ಬನಿಗೆ ಧಾರೆಯೆರೆಯಲು ಹೊರಟಾಗ ಮಾಯದ ಕುದುರೆಯೇರಿ ನಲ್ಲನೊಡನೆ ಓಡಿಹೋಗುತ್ತಾಳೆ. ಮುಂದೆ ಶಾಪಕ್ಕೆ ಕಲ್ಲಾಗಿ, ಅವನು ಅಪ್ಪಿಕೊಂಡಾಗ ಮತ್ತೆ ಹೆಣ್ಣಾಗುತ್ತಾಳೆ.

ಇಂಥ ಕಥೆಗೆ ಚಿಕ್ಕಮಗಳೂರಿನ ಮಲೆಗಳು ಹೇಳಿ ಮಾಡಿಸಿದ ನೆಲ. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹಿಂದಿನ ಸೊಸೆವೂರು. ಹೊಯ್ಸಳರ ಮೂಲಪುರುಷ ಸಳ ಹುಲಿ ಕೊಂದ ಐತಿಹ್ಯ ಅಲ್ಲಿನ ವಾಸಂತಿಕಾ ದೇವಿಯ ಗುಡಿಯದು. ಅದರಲ್ಲಿ ಸಾಹಸವೆಲ್ಲ ಗಂಡಿನ ಪಾಲು. ಇತಿಹಾಸ ಹಾಗಿಲ್ಲ. ವೀರಬಲ್ಲಾಳ ದಂಡಯಾತ್ರೆಯಲ್ಲಿದ್ದಾಗ ರಾಣಿ ಉಮಾದೇವಿ ಹಳೇಬೀಡಿನಲ್ಲಿ ಕುಳಿತು ರಾಜ್ಯ ನೋಡಿಕೊಂಡಳು, ತಿರುಗಿಬಿದ್ದ ಸಾಮಂತರನ್ನು ಬಗ್ಗುಬಡಿದಳು. ಇದೇ ಮಲೆಗಳ ಕಳಸದ ಶಾಸನಗಳಲ್ಲಿ 13ನೇ ಶತಮಾನದ ಜಾಕಲದೇವಿ, ಕಾಳಲದೇವಿ ಎಂಬ ರಾಣಿಯರ ಹೆಸರಿದೆ. ದಾನದತ್ತಿ ಹೇಳುವ ಶಾಸನ ಅವರ ಹರೆಯ, ಒಲವು, ಹಟಗಳ ಸುದ್ದಿ ಎತ್ತುವುದಿಲ್ಲ. ಕಾದಂಬರಿಕಾರರಿಗೆ ಅಲ್ಲೇ ಎಡೆಯಿದೆ.

ಹೊಯ್ಸಳ ರಾಣಿ ಶಾಂತಲೆಯ ಮೇಲೆ ಕೆ.ವಿ. ಅಯ್ಯರ್ ಕಾದಂಬರಿ ಬರೆದರು. ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲದೇವಿ'ಗೆ 1983ರ ಮೂರ್ತಿದೇವಿ ಪ್ರಶಸ್ತಿ ಬಂತು. ಅವು ಗಂಭೀರ, ದೊಡ್ಡವರ ಓದು. ಹದಿನಾರರ ಹುಡುಗಿ ಒಂದೇ ಪಟ್ಟಿಗೆ ನಗುನಗುತ್ತ ಓದಿ ಮುಗಿಸುವಂಥ ಪುಸ್ತಕ ಬೇಕು, ಮತ್ತು ಅದು ಬೇಗ ಬರಬೇಕು.

ಬರೆಯುವವರು ಕಾಫಿಯ ವಿಷಯದಲ್ಲಿ ಎಚ್ಚರವಾಗಿರಬೇಕು. ಬಾಬಾಬುಡನ್ ಬೀಜ ತಂದರೆಂಬ ಪ್ರತೀತಿ 17ನೇ ಶತಮಾನದ್ದು. ಕಾಳಲದೇವಿಯ ಕಾಲದ ಹುಡುಗಿಗೆ ಕಾಫಿ ಹೂವಿನ ಘಮ ಗೊತ್ತಿಲ್ಲ. ಅವಳ ಕಾಡಿನಲ್ಲಿ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನೆರಳಲ್ಲಿ ಏಲಕ್ಕಿ, ಕಾಲಿಗೆ ಜಿಗಣೆ, ಕೆಳಗೆ ಭದ್ರೆಯ ದಂಡೆಯ ಗದ್ದೆ. ಮನೆ ಬಿಟ್ಟು ಹೊರಟರೆ ಕಾರ್ಕಳದ ಕಡೆಗೆ ಘಟ್ಟ ಇಳಿಯುವ ಹೇರೆತ್ತುಗಳ ಸಾಲನ್ನೇ ಅವಳು ಹಿಂಬಾಲಿಸಬೇಕು, ಅದೂ ಮಳೆ ಹಿಂದಾದ ಮೇಲೆ.